ಪಟಾಲಮ್ಮಿನ ಹೊಸ ಕಾಯಿದೆ, ನನ್ನ ಹಾಜರಿ ಪುಸ್ತಕ

ಇನ್ನೊಬ್ಬರ ಮೇಲೆ ಹೇರುವ ಕಾಯಿದೆಯಷ್ಟು ರುಚಿಯಾದ ಓದು ಬೇರೊಂದಿಲ್ಲ. ಆ ರುಚಿ ಕಂಡವನು ನಾನು, ಅದಕ್ಕೇ ಹೇಳುತ್ತಿದ್ದೇನೆ. ಆಗ ಹುಣಸೂರಿನಲ್ಲಿ, ಅರಸರ ಪಟಾಲಮ್ಮಿನ ಸಾಮಾನು ಎಳೆಯುವ ಎತ್ತುಗಳ ಠಾಣ್ಯದಲ್ಲಿ ರೈಟರ್ ಆಗಿದ್ದೆ. ಅಲ್ಲಿ ಓದುಬರಹ ಬಲ್ಲವನು ನಾನೊಬ್ಬನೇ. ಮಿಕ್ಕವರು ಸಿಪಾಯಿಗಳು ಮತ್ತು ಎತ್ತುಗಳು. ಒಂದು ದಿನ ಮೈಸೂರಿನಿಂದ ದಪ್ಪನೆಯ ಲಕೋಟೆ ಬಂತು. ನಮ್ಮ ಸಂಸ್ಥಾನದ ಸೈನ್ಯದ ಶಿಕ್ಷೆಯ ಕಾಯಿದೆ ಹಳತಾಗಿದೆ, ಇನ್ನು ಮುಂದೆ ಬ್ರಿಟಿಷ್ ಇಂಡಿಯಾದ ಸೈನ್ಯದಲ್ಲಿ ಹೇಗೋ ಇಲ್ಲಿಯೂ ಹಾಗೆಯೇ ನಡೆಯಬೇಕು, ಕನ್ನಡಕ್ಕೆ ಇಳಿಸಿ ಎಲ್ಲರಿಗೂ ಓದಿ ಹೇಳತಕ್ಕದ್ದು ಎಂದಿತ್ತು. ನಾನು ಹಿಗ್ಗಿಹೋದೆ. ಊಟಕ್ಕೆ ಕೂತಾಗಲೂ ಹೆಂಡತಿಗೆ ಕಲಂ ಕಲಂ ಓದಿ ಹೇಳಿದೆ. "ಹುಳಿಗೆ ಉಪ್ಪು ಸಾಕೋ ಬೇಕೋ, ಮೊದಲು ಅದನ್ನು ಹೇಳಿ" ಎಂದಳು ಆಕೆ.

ಅಲ್ಲಿಯವರೆಗೆ ನಮ್ಮಲ್ಲಿ ನ್ಯಾಯವೆಂದರೆ ಜಮಾದಾರ್ ಖಾದರ್ ಸಾಹೇಬರ ಮೀಸೆ. ಪಹರೆಯಲ್ಲಿ ಯಾರಾದರೂ ತೂಕಡಿಸಿದರೆ ಅದು ಎರಡು ಸಲ ಕುಣಿಯುವುದು, ತೂಕಡಿಸಿದವನು ವಾರವಿಡೀ ಸಗಣಿ ಬಾಚುವುದು, ಅಲ್ಲಿಗೆ ಮುಗಿಯಿತು. ಒಕ್ಕಣೆಯ ಕಾಲದಲ್ಲಿ ಸಿಪಾಯಿಗಳು ರಜಾ ಇಲ್ಲದೆ ಊರಿಗೆ ಹೋಗುವುದಕ್ಕೂ ಒಂದು ವಾಡಿಕೆಯಿತ್ತು. ಹೋದವನು ಬರುವಾಗ ಒಂದು ಕುಕ್ಕೆ ಅವರೆಕಾಯಿ ತರಬೇಕು. ಅರ್ಧ ಜಮಾದಾರರ ಮನೆಗೆ, ಅರ್ಧ ನನ್ನ ಮನೆಗೆ. ಹಾಜರಿ ಪುಸ್ತಕದಲ್ಲಿ ನಾನು ಅವನ ಹೆಸರಿನ ಮುಂದೆ 'ಹಾಜರ್' ಎಂದು ಬರೆಯಬೇಕು. ಕಾಯಿ ಒಳ್ಳೆಯ ಸೊಗಡಿನದಾದರೆ ಅಕ್ಷರ ಇನ್ನೂ ದುಂಡಗೆ ಬರುತ್ತಿತ್ತು.

ಆ ವರ್ಷ ಹಂಪಾಪುರದ ಸಿಪಾಯಿ ಜವರ ಮೂರು ದಿನ ಹೋಗಿ, ಕುಕ್ಕೆಯೊಂದಿಗೆ ಬಂದ. ಯಾರೋ ಪುಣ್ಯಾತ್ಮರು ಪೇಟೆಯಲ್ಲಿ ಬರೆಸಿ ಮೈಸೂರಿಗೆ ಮೂಗರ್ಜಿ ಹಾಕಿದರು. ಹೊಸ ಕಾಯಿದೆಯ ಪ್ರಕಾರ ವಿಚಾರಣೆ ನಡೆಸಲು ಕಪ್ತಾನರು ಕುದುರೆಯೇರಿ ಬಂದೇಬಿಟ್ಟರು. ತಪ್ಪು ರುಜುವಾತಾದರೆ ಜವರನಿಗೆ ನೌಕರಿಯೂ ಇಲ್ಲ, ಇನ್ನೆರಡು ವರ್ಷಕ್ಕೆ ಬರಬೇಕಾದ ಪಿಂಚಣಿಯೂ ಇಲ್ಲ.

"ವರ್ಸಾವರ್ಸಾ ಓಯ್ತೀನಿ, ಅವ್ರೆಕಾಯಿ ತತ್ತೀನಿ. ತಿನ್ನೋವಾಗ ಎಲ್ಲೋಗಿತ್ತು ರೈಟ್ರೇ ನಿಮ್ ಕಾಯ್ದೆ?" ಎಂದ ಜವರ. ಕಾಯಿದೆಯಲ್ಲಿ ಹುಡುಕಿದೆ, ಅವರೆಕಾಯಿಯ ಕಲಂ ಇರಲಿಲ್ಲ. ಆ ಹೊತ್ತಿಗೆ ಅವರೆಕಾಳೂ ಉಳಿದಿರಲಿಲ್ಲ.

"ಸುಮ್ಕಿರೋ," ಎಂದರು ಜಮಾದಾರರು. "ಹೊಸ ಕಾನೂನ್‌ನಾಗೆ ಮೀಸೆ ನಡ್ಯಾಕಿಲ್ಲ, ಸಾಕ್ಷಿ ಬೇಕು, ಕಾಗ್ದ ಬೇಕು ಕಣೋ."

ವಿಚಾರಣೆಯಲ್ಲಿ ಕಪ್ತಾನರ ಇಂಗ್ಲಿಷ್ ಆರೋಪಪಟ್ಟಿಯನ್ನು ನಾನು ಜವರನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಸಾಕ್ಷಿ ಹೇಳಲು ಯಾರೂ ಮುಂದೆ ಬರಲಿಲ್ಲ. ಹಾಜರಿ ಪುಸ್ತಕ ತರಿಸಿ ನೋಡಿದರೆ ಮೂರು ದಿನವೂ 'ಹಾಜರ್', ಮುತ್ತಿನಂಥ ಅಕ್ಷರ. "ಆರೋಪಿ ನಿರ್ದೋಷಿ" ಎಂದು ಕಪ್ತಾನರು ರುಜು ಹಾಕಿದರು. ನನಗೆ ಸಂತೋಷದಿಂದ ಕಣ್ಣು ತುಂಬಿತು. ಜವರನಿಗೂ ತುಂಬಿತು, ಅವನದು ಬಾಯಿಗೂ ಬಂತು.

"ಬುದ್ಧೀ, ನಾನು ಅಂಪಾಪುರ್‌ದಾಗೆ ರಾಗಿ ಒಕ್ತಿದ್ರೂವೆ ರೈಟ್ರು ನನ್ನ ಇಲ್ಲೇ ಇವ್ನೆ ಅಂತ ಬರ್ಕೊಂಡವ್ರೆ. ದೇವ್ರಂತೋರು ಕಣ್ ಬುದ್ಧೀ!"

ಒಮ್ಮೆ ಬಿಡುಗಡೆಯಾದವನನ್ನು ಅದೇ ತಪ್ಪಿಗೆ ಮತ್ತೆ ವಿಚಾರಿಸುವಂತಿಲ್ಲ, ಹೊಸ ಕಾಯಿದೆ. ಜವರ ಬಚಾವಾದ. ಕಪ್ತಾನರು ಸುಳ್ಳು ದಾಖಲೆಯ ಕಲಮಿಗೆ ಪುಟ ತಿರುವಿದರು. "ಸ್ವಾಮೀ, ಅದು ಸಿಪಾಯಿಗಳಿಗೆ. ನಾನು ರೈಟರು" ಎಂದೆ. ಪಟಾಲಮ್ಮಿನ ಜೊತೆಗಿರುವ ರೈಟರು, ಅಡಿಗೆಯವ, ಅಗಸ ಎಲ್ಲರಿಗೂ ಅನ್ವಯಿಸತಕ್ಕದ್ದು ಎಂಬ ಸಾಲನ್ನು ಅವರು ನನ್ನದೇ ಕನ್ನಡದಲ್ಲಿ ತೋರಿಸಿದರು. ಭಾಷಾಂತರ ಚೆನ್ನಾಗಿಯೇ ಇತ್ತು.

ಆರೋಪಪಟ್ಟಿ ಬರೆಯಬೇಕಲ್ಲ, ಬರೆಯುವವರು ಇನ್ನಾರಿದ್ದಾರೆ? ಬರೆದೆ. ಆರೋಪಿಗೆ ಅವನ ಭಾಷೆಯಲ್ಲಿ ಓದಿ ಹೇಳಬೇಕೆಂಬುದು ನಿಯಮ. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ನನಗೆ ನಾನೇ ಓದಿ ಹೇಳಿದೆ. "ಅರ್ಥವಾಯಿತೇ ಕೇಳಿ" ಎಂದರು ಕಪ್ತಾನರು. ಕೇಳಿದೆ. ಆರೋಪಿ ತಲೆ ತಗ್ಗಿಸಿ ಹೌದೆಂದ. ಜಮಾದಾರರಿಗೆ ಕೆಮ್ಮು ಬಂತು, ಎದ್ದು ಹೊರಗೆ ಹೋದರು.

ನನ್ನನ್ನು ಒಳಗೆ ಹಾಕಿದರೆ, ಹಾಕಿದ್ದೇವೆಂಬ ಕಾಗದ ಬರೆಯಲು ಜನವಿರಲಿಲ್ಲವಾಗಿ ಬರೀ ಛೀಮಾರಿಯಲ್ಲಿ ಮುಗಿಯಿತು. 'ಈ ರೈಟರು ಬರೆದದ್ದನ್ನು ಇನ್ನು ಮುಂದೆ ಯಾರೂ ನಂಬತಕ್ಕದ್ದಲ್ಲ' ಎಂದು ಕಪ್ತಾನರು ಹೇಳಿದರು. ನಾನು ಬರೆದುಕೊಂಡೆ. ಮೈಸೂರಿಗೆ ಕಳಿಸಲು ಇನ್ನೊಂದು ಪ್ರತಿ ತೆಗೆದು, ಅದರ ಕೆಳಗೆ 'ನಕಲು ಅಸಲಿಗೆ ಸರಿಯಾಗಿದೆ' ಎಂದು ನನ್ನ ರುಜು ಹಾಕಿದೆ.