ಚಾರ್ಜ್ ಕೊಡದೆ ಹೋದವರು

ಉಗ್ರಾಣದ ಗುಮಾಸ್ತನ ರಜೆ ಅರ್ಜಿ ನಾಲ್ಕನೆಯ ಸಲ ಹಿಂದಕ್ಕೆ ಬಂದಿತ್ತು. ಮೊದಲ ಸಲ ಅಂಚು ಬಿಟ್ಟಿಲ್ಲವೆಂದು, ಎರಡನೆಯ ಸಲ ಅಂಚು ಹೆಚ್ಚಾಯಿತೆಂದು, ಮೂರನೆಯ ಸಲ ಕಾರಣ ಸಾಲದೆಂದು. ನಾಲ್ಕನೆಯದರ ಮೇಲೆ ಮ್ಯಾನೇಜರು ಕೆಂಪು ಶಾಯಿಯಲ್ಲಿ ಬರೆದಿದ್ದರು: "ನಿಮ್ಮ ಅಕ್ಕ ಸಾಯುವ ಸ್ಥಿತಿಯಲ್ಲಿದ್ದಾರೆಂದು ಹೋದ ವಾರವೂ ಬರೆದಿದ್ದೀರಿ. ಇನ್ನೂ ಸತ್ತಿಲ್ಲ. ವಿವರಣೆ ಕೊಡಿ."

ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಅವಳು. ಸಂಜೆ ಆರರ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಅವಳ ಆಸ್ಪತ್ರೆ. "ಒಂದು ಸಲ ನಿನ್ನ ಮುಖ ನೋಡಬೇಕು ಕಣೋ" ಎಂದು ಅವಳು ಹೇಳಿಕಳುಹಿಸಿ ಎಂಟು ದಿನವಾಗಿತ್ತು. ಅವಳ ಆಯುಸ್ಸು ದೇವರ ಕೈಯಲ್ಲಿತ್ತು. ಅವನ ರಜೆ ಮ್ಯಾನೇಜರ ಕೈಯಲ್ಲಿತ್ತು. ದೇವರಾದರೂ ಅಂಚು ಅಳೆಯುವುದಿಲ್ಲ.

ಆ ಬೆಳಿಗ್ಗೆ ಅವನು ಐದನೆಯ ಅರ್ಜಿ ಹಿಡಿದು, ಪಂಪಿನ ಬಿಡಿಭಾಗಗಳ ಆ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದಂತೆ ಹೆಡ್ ಗುಮಾಸ್ತರು ಅಡ್ಡ ಬಂದರು.

"ಗೊತ್ತಾಯ್ತೇನಯ್ಯ? ಸಾಹೇಬರು ಹೋಗಿಬಿಟ್ರು!"

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಮೇಲಕ್ಕೆ! ಗಡ್ಡ ಹೆರೀತಾ ಕೂತವರು ಹಾಗೇ ಒರಗಿಬಿಟ್ರಂತೆ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ಸೋಪು."

ಗುಮಾಸ್ತನಿಗೆ ಮೊದಲು ಬಂದ ಯೋಚನೆ, 'ಹಾಗಾದರೆ ನನ್ನ ಅರ್ಜಿಗೆ ಸಹಿ ಯಾರು ಹಾಕುತ್ತಾರೆ?' ಎಂದು. ಆಮೇಲೆ ನಾಚಿಕೆಯಾಯಿತು. ನಾಚಿಕೆ ಮುಗಿಯುವ ಮೊದಲೇ ಬೆಲ್ ಹೊಡೆಯಿತು.

ಮ್ಯಾನೇಜರ ಕೋಣೆಯ ಬೆಲ್ಲಿಗೆ ಒಂದು ಕ್ರಮವಿತ್ತು. ಒಂದು ಸಲ ಹೊಡೆದರೆ ಹೆಡ್ ಗುಮಾಸ್ತರು, ಎರಡು ಸಲ ಹೊಡೆದರೆ ಟೈಪಿಸ್ಟಮ್ಮ, ಮೂರು ಸಲ ಹೊಡೆದರೆ ಅವನು. ಈಗ ಬೀಗ ಹಾಕಿದ ಕೋಣೆಯೊಳಗಿಂದ ಮೂರು ಸಲ ಹೊಡೆಯಿತು.

ಟೈಪಿಸ್ಟಮ್ಮನ ಬೆರಳು ಅರ್ಧ ಪದದಲ್ಲಿ ನಿಂತಿತು. "ನಿಮಗೇ ಅಣ್ಣ. ಬೇಗ ಹೋಗಿ, ಬೈತಾರೆ."

"ಸತ್ತವರು ಬೈತಾರೇನಮ್ಮ?"

"ಅವರಿಗೆ ಈಗ ಬೇರೆ ಏನು ಕೆಲಸ?"

ಬೀಗ ತೆಗೆದು ಇಣುಕಿದ. ಕೋಣೆ ಬಾವಿಯ ಒಳಗಿನಂತೆ ತಣ್ಣಗಿತ್ತು. ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಆದರೆ ಅದರ ಮೆತ್ತೆ ಯಾರೋ ದಪ್ಪನೆಯವರು ಕೂತ ಹಾಗೆ ತಗ್ಗಿತ್ತು. ಗಡ್ಡದ ಸೋಪಿನ ವಾಸನೆ ಗಮ್ಮೆನ್ನುತ್ತಿತ್ತು. ಅವನು ಅಭ್ಯಾಸಬಲದಿಂದ ಕೈಮುಗಿದು, ಬೆನ್ನು ತೋರಿಸದೆ ಹಿಂದಕ್ಕೆ ನಡೆದು ಬಂದ.

"ಚಾರ್ಜ್ ಕೊಡದೆ ಹೋಗಿದ್ದಾರಲ್ಲ, ಅದಕ್ಕೇ!" ಎಂದು ಹೆಡ್ ಗುಮಾಸ್ತರು ತೀರ್ಪು ಕೊಟ್ಟರು.

ಆ ಕಚೇರಿಯ ಕಟ್ಟಳೆಯೇ ಹಾಗೆ. ಬಿಟ್ಟು ಹೋಗುವವರು ಸಾಮಾನೆಲ್ಲ ಎಣಿಸಿ, ಪಟ್ಟಿ ಮಾಡಿ, ಇನ್ನೊಬ್ಬರಿಗೆ ಒಪ್ಪಿಸಿ, ಇಬ್ಬರೂ ಸಹಿ ಹಾಕಿದ ಮೇಲೆಯೇ ಗೇಟು ದಾಟಬೇಕು. ನಿವೃತ್ತರಾದ ಮುದುಕರೊಬ್ಬರನ್ನು ಏಣಿಯೊಂದು ಕಡಿಮೆಯಾಯಿತೆಂದು ಇದೇ ಮ್ಯಾನೇಜರು ಹನ್ನೊಂದು ದಿನ ಹಿಡಿದಿಟ್ಟುಕೊಂಡಿದ್ದರು.

"ಯಾರಾದರೂ ಚಾರ್ಜ್ ತಗೊಳ್ಳಬೇಕು," ಎಂದರು ಹೆಡ್ ಗುಮಾಸ್ತರು. "ನನಗೆ ರಕ್ತದೊತ್ತಡ."

"ನನಗೆ ಮಕ್ಕಳು," ಎಂದಳು ಟೈಪಿಸ್ಟಮ್ಮ. "ಅಣ್ಣ, ನಿಮಗೇ ಅನುಕೂಲ ನೋಡಿ. ಚಾರ್ಜ್ ಇದ್ದವರೇ ರಜೆ ಮಂಜೂರು ಮಾಡೋದು. ನಿಮ್ಮ ಅರ್ಜಿಗೆ ನೀವೇ ಸಹಿ ಹಾಕ್ಕೊಂಡು ಆರರ ಬಸ್ಸು ಹತ್ತಿ!"

ಅಕ್ಕನ ಮುಖ ಕಣ್ಣ ಮುಂದೆ ಬಂತು. ಅವನು ಒಪ್ಪಿಕೊಂಡ.

ಮಧ್ಯಾಹ್ನದವರೆಗೆ ಕವಾಟ, ಕೊಳವೆ, ಏಣಿ, ಮುರಿದ ಸ್ಟೂಲು ಎಲ್ಲವನ್ನೂ ಎಣಿಸಿ ಪಟ್ಟಿ ಮಾಡಿ, ಮೇಜಿನ ಮೇಲಿಟ್ಟು ಬಾಗಿಲು ಹಾಕಿಕೊಂಡು ಬಂದ. ಬೆಲ್ ಮೂರು ಸಲ ಹೊಡೆಯಿತು. ಪಟ್ಟಿಯ ಮೇಲೆ ಕೆಂಪು ಶಾಯಿ ಇನ್ನೂ ಹಸಿಯಾಗಿತ್ತು: "ಪೇಪರ್‌ವೇಟ್ ಎರಡಲ್ಲ, ಮೂರು. ನಿಮಗೆ ಎಣಿಸಲು ಬರುವುದಿಲ್ಲವೇ?"

"ಸತ್ತರೂ ಸ್ವಭಾವ ಹೋಗಿಲ್ಲ ನೋಡಿ," ಎಂದು ಟೈಪಿಸ್ಟಮ್ಮ ಪಿಸುಗುಟ್ಟಿದಳು. ಒಳಗಿಂದ ಎರಡು ಬೆಲ್ ಹೊಡೆಯಿತು. ಅವಳು ಮೇಜಿನ ಕೆಳಗೆ ಹೋದಳು.

ಗುಮಾಸ್ತ ಬೀರುವಿನಡಿ ಹಲ್ಲಿಯಂತೆ ಹರಿದು ಮೂರನೆಯದನ್ನು ಹುಡುಕಿ ತಂದ. ಆಮೇಲೆ ಪಟ್ಟಿ ಅಂಚಿಗಾಗಿ ಒಮ್ಮೆ, ಅಕ್ಷರ ಸಣ್ಣದಾಯಿತೆಂದು ಒಮ್ಮೆ ಹಿಂದಿರುಗಿತು. ಐದೂಕಾಲಿಗೆ ಸಹಿ ಬಿದ್ದಿತ್ತು: "ಚಾರ್ಜ್ ಕೊಟ್ಟಿದ್ದೇನೆ." ಅದರ ಕೆಳಗೆ ಅವನು "ತೆಗೆದುಕೊಂಡಿದ್ದೇನೆ" ಎಂದು ಬರೆದ. ಕುರ್ಚಿಯ ಮೆತ್ತೆ ನಿಟ್ಟುಸಿರು ಬಿಟ್ಟಂತೆ ಮೆಲ್ಲಗೆ ಮೇಲೆದ್ದಿತು.

ತನ್ನ ಅರ್ಜಿಯ ಮೇಲೆ ತಾನೇ "ಮಂಜೂರು" ಎಂದು ಬರೆದು, ಮರುದಿನದಿಂದ ಚಾರ್ಜನ್ನು ಹೆಡ್ ಗುಮಾಸ್ತರ ಕೊರಳಿಗೆ ಕಟ್ಟುವುದೆಂದು ನಿಶ್ಚಯಿಸಿ, ಚೀಲ ಹೆಗಲಿಗೇರಿಸಿ ಗೇಟಿಗೆ ಓಡಿದ. ಪಕ್ಕದಲ್ಲಿ ಇನ್ನೊಬ್ಬರು ನಡೆಯುತ್ತಿದ್ದರು. ಒಂದು ಕೆನ್ನೆ ನುಣ್ಣಗಿತ್ತು. ಇನ್ನೊಂದರ ಮೇಲೆ ಸೋಪು ಒಣಗಿ ಸುಣ್ಣದಂತಾಗಿತ್ತು. ಕಾವಲುಗಾರ ಎದ್ದು ಸಲಾಮು ಹೊಡೆದು, ಹೊಡೆದ ಕೈ ಇಳಿಸದೆಯೇ ಮೂರ್ಛೆ ಹೋದ.

"ಬಸ್ಸಿಗಾ?" ಎಂದರು ಮ್ಯಾನೇಜರು. ಅಷ್ಟು ಮೆತ್ತಗೆ ಅವರು ಯಾವತ್ತೂ ಮಾತಾಡಿರಲಿಲ್ಲ.

"ಹೂಂ ಸಾರ್," ಎಂದ. ಹಲ್ಲು ಕಟಕಟನೆ ಬಡಿಯುತ್ತಿತ್ತು. "ತಾವು?"

"ನಾನೂ ಅದೇ ಊರಿಗೆ. ಮೇಲೆ ಹೊಸ ಕೆಲಸ ಕೊಟ್ಟಿದ್ದಾರೆ, ಜನರನ್ನ ಕರ್ಕೊಂಡು ಹೋಗೋದು. ಇಲ್ಲಿ ಚಾರ್ಜ್ ಕೊಡೋ ತನಕ ಅಲ್ಲಿ ಸೇರಿಸ್ಕೊಳ್ಳೋ ಹಾಗಿಲ್ಲವಂತೆ." ಜೇಬಿನಿಂದ ಚೀಟಿ ತೆಗೆದು ದೂರ ಹಿಡಿದು ಓದಿದರು. "ಆಸ್ಪತ್ರೆ, ಎರಡನೇ ಮಹಡಿ, ಕಿಟಕಿ ಪಕ್ಕದ ಮಂಚ. ನಿಮ್ಮ ಅಕ್ಕನೇ ಮೊದಲನೆಯವರು. ನಿಮ್ಮ ಅರ್ಜೀಲಿ ಬರೆದಿದ್ದು ನಿಜವೇ ಆಗಿತ್ತು. ನಾನೇ ತಪ್ಪು ತಿಳ್ಕೊಂಡೆ."

ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಮ್ಯಾನೇಜರು ಗೇಟಿನ ಆಚೆಗೆ ಒಂದು ಕಾಲೆತ್ತಿದರು.

"ನಿಲ್ಲಿ!"

ಆ ದನಿ ಎಲ್ಲಿಂದ ಬಂತೋ ಗುಮಾಸ್ತನಿಗೇ ತಿಳಿಯಲಿಲ್ಲ. "ಚಾರ್ಜ್ ಕೊಟ್ಟಿರಿ, ಸರಿ. ಬಿಡುಗಡೆ ಪತ್ರ ಎಲ್ಲಿ?"

ಮ್ಯಾನೇಜರ ಕಾಲು ಗಾಳಿಯಲ್ಲೇ ನಿಂತಿತು. "ಅದು... ಚಾರ್ಜ್ ಇರೋರು ಕೊಡಬೇಕು."

"ಚಾರ್ಜ್ ಯಾರ ಹತ್ರ ಇದೆ?"

"ನಿಮ್ಮ ಹತ್ರ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಸಾರ್," ಎಂದರು.

"ಒಳಗೆ ನಡೀರಿ. ಅರ್ಜಿ ಬರ್ಕೊಂಡು ಬನ್ನಿ. ಅಂಚು ಬಿಟ್ಟು!"

ಹುಟ್ಟಿದಾಗಿನಿಂದ ಕಟ್ಟಳೆ ಮೀರದ ಮನುಷ್ಯ. ತಲೆ ತಗ್ಗಿಸಿ ಒಳಗೆ ನಡೆದರು. ಬಸ್ಸು ಬಂತು, ನಿಂತಿತು. ಗುಮಾಸ್ತ ಅದರ ಮೆಟ್ಟಿಲಿನ ಮೇಲೆ ಕಾಲಿಡಲು ಹೋಗಿ, ಹೆಡ್ ಗುಮಾಸ್ತರನ್ನು ನೆನೆದ. ಮುಂದಿಟ್ಟ ಕಾಗದಕ್ಕೆಲ್ಲ ಓದದೆ ಸಹಿ ಹಾಕುವ ಪುಣ್ಯಾತ್ಮ! ಅವರ ಕೈಗೆ ಚಾರ್ಜ್ ಹೋದರೆ ಮರುಕ್ಷಣವೇ ಮ್ಯಾನೇಜರಿಗೆ ಬಿಡುಗಡೆ. ಅವನು ಕಾಲು ಹಿಂದಕ್ಕೆ ತೆಗೆದುಕೊಂಡ. ಬಸ್ಸು ಹೊರಟುಹೋಯಿತು.

ಅಂದಿನಿಂದ ದಿನವೂ ಒಂದು ಬಿಡುಗಡೆ ಅರ್ಜಿ, ಮ್ಯಾನೇಜರ ಕುರ್ಚಿಯಲ್ಲಿ ಕೂತ ಅವನ ಮೇಜಿಗೆ ಬರುತ್ತದೆ. ದಿನವೂ ಅವನು ಹಿಂದಿರುಗಿಸುತ್ತಾನೆ. ಖಾಲಿ ಕೋಣೆಯಲ್ಲಿ ಅವನು ಗದರುವುದನ್ನು ಕೇಳಿ ಟೈಪಿಸ್ಟಮ್ಮ, "ಇವರು ಅವರಿಗಿಂತ ಜೋರು," ಎನ್ನುತ್ತಾಳೆ. ಅವನು ಒಂದು ದಿನವೂ ಕುರ್ಚಿ ಬಿಟ್ಟು ಹೋಗುವಂತಿಲ್ಲ.

ಅಕ್ಕ ಚೇತರಿಸಿಕೊಂಡಳು. ಮೊನ್ನೆ ಹಾಸಿಗೆಯಲ್ಲಿ ಎದ್ದು ಕೂತು ಅವನಿಗೆ ಕಾಗದ ಬರೆದಿದ್ದಾಳೆ: "ನಿನಗೆ ಇನ್ನೂ ರಜೆ ಸಿಗಲಿಲ್ಲವೇನೋ ಮಗು? ಹೆತ್ತ ತಾಯಿ ಇಲ್ಲವೇ ಆ ನಿಮ್ಮ ಮ್ಯಾನೇಜರಿಗೆ? ಅವನನ್ನು ಬೇಗ ಕರೆದುಕೊಳ್ಳಪ್ಪಾ ಎಂದು ದಿನಾ ಬೆಳಿಗ್ಗೆ, ಸಂಜೆ ದೇವರನ್ನು ಬೇಡಿಕೊಳ್ಳುತ್ತಿದ್ದೇನೆ."