ಗಣಪನಾದ ಹಿಮಾಲಯದ ಮಣ್ಣು

ಗಂಡಸಾದವನು ತನ್ನ ಕೆಲಸ ಏನೆಂದು ಮನೆಯವರಿಗೆ ಚೆನ್ನಾಗಿ ವಿವರಿಸಲು ಹೋಗಬಾರದು. ನನ್ನ ಸಂಶೋಧನಾ ಜೀವನದ ಅತಿ ದೊಡ್ಡ ಶೋಧನೆ ಇದೇ; ಆದರೆ ಇದಕ್ಕೆ ಯಾರೂ ಡಾಕ್ಟರೇಟ್ ಕೊಡುವುದಿಲ್ಲ. ಬಸವನಗುಡಿಯ ನಮ್ಮ ರಸ್ತೆಯಲ್ಲಿ ಉಳಿದವರ ಉದ್ಯೋಗವನ್ನೆಲ್ಲ ಒಂದೇ ಮಾತಿನಲ್ಲಿ ಹೇಳಬಹುದು: ಬ್ಯಾಂಕು, ಮೇಷ್ಟರು, ಅಕ್ಕಿ ಮಂಡಿ. ನಾನೊಬ್ಬ ಮಾತ್ರ ಹಿಮನದಿಗಳ ಹಿಂದೆ ಅಲೆದು, ಸಾವಿರಾರು ವರ್ಷಗಳ ಹಿಂದೆ ಎಷ್ಟು ಚಳಿಯಿತ್ತು, ಎಷ್ಟು ಮಳೆ ಬಂದಿತ್ತು ಎಂದು ಹುಡುಕುವವನು. ಎದುರುಮನೆಯ ರಾಯರು ಇದನ್ನೆಲ್ಲ ಸಾವಧಾನವಾಗಿ ಕೇಳಿ, "ಸರಿ ಸ್ವಾಮಿ, ನಾಳೆ ಮಳೆ ಬರುತ್ತಾ? ನಮ್ಮನೇಲಿ ಹಪ್ಪಳ ಒಣಗಿಸ್ಬೇಕಂತೆ" ಎಂದಿದ್ದರು. ಬರುವುದಿಲ್ಲ ಎಂದೆ. ಆ ಹಪ್ಪಳದ ಗತಿ ಕೇಳಬೇಡಿ. ಅಂದಿನಿಂದ ನಾನು ಕೊಡೆ ಹಿಡಿದು ಹೊರಟರೆ ರಾಯರ ಮನೆಯಲ್ಲಿ ಬಟ್ಟೆ ಒಣಹಾಕುತ್ತಾರೆ.

ತೊಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ ಹಿಮಾಲಯದಿಂದ ಒಂದು ಪ್ಲಾಸ್ಟಿಕ್ ಪೈಪಿನ ತುಂಬ ಮಣ್ಣು ತಂದೆ. ಹಿಮನದಿಯೊಂದರ ಬುಡದಲ್ಲಿದ್ದ ಕೆರೆಯ ತಳದ ಮಣ್ಣು. ವರ್ಷಕ್ಕೊಂದು ತೆಳ್ಳನೆಯ ಪದರದಂತೆ ಅಲ್ಲಿ ಕೂತಿರುತ್ತದೆ; ಪದರ ನೋಡಿದರೆ ಆಯಾ ವರ್ಷದ ಚಳಿಗಾಲ, ಬೇಸಗೆ ಗೊತ್ತಾಗುತ್ತದೆ. ಆಗಿನ್ನೂ ನನ್ನ ನೌಕರಿ ಖಾಯಂ ಆಗಿರಲಿಲ್ಲ. ಗಣಪತಿ ಹಬ್ಬ ಮುಗಿದ ಮೇಲೆ ನಮ್ಮ ಸಂಶೋಧನಾ ಸಂಸ್ಥೆಯ ಸಮಿತಿಯವರು ಈ ಮಣ್ಣನ್ನು ನೋಡಿಯೇ ಅದನ್ನು ತೀರ್ಮಾನಿಸುವವರಿದ್ದರು. ರೈಲಿನಲ್ಲಿ ಪೈಪನ್ನು ಹಸುಗೂಸಿನಂತೆ ತಬ್ಬಿಕೊಂಡೇ ಬಂದೆ. ಬಂದಿಳಿದದ್ದು ಗೌರಿ ಹಬ್ಬದ ಹಿಂದಿನ ದಿನ. ಸಂಸ್ಥೆಗೆ ಬೀಗ ಬಿದ್ದಿತ್ತು. ಮಣ್ಣು ಒಣಗಬಾರದೆಂದು ಪೈಪಿಗೆ ಒದ್ದೆ ಗೋಣಿ ಸುತ್ತಿ ಬಚ್ಚಲಮನೆಯ ಮೂಲೆಯಲ್ಲಿ ನಿಲ್ಲಿಸಿದೆ.

ಪ್ರತಿ ವರ್ಷ ನಮ್ಮತ್ತೆಯವರು ಚಾಮರಾಜಪೇಟೆಯಿಂದ ಬಂದು ತಾವೇ ಕೈಯಾರೆ ನಮ್ಮನೆ ಗಣಪನನ್ನು ಮಾಡುವುದು ವಾಡಿಕೆ. ಆ ಸಲ ಅವರು ತಂದ ಜೇಡಿಮಣ್ಣಿನಲ್ಲಿ ಮರಳು ಜಾಸ್ತಿಯಾಗಿ ಸೊಂಡಿಲು ಬಿರುಕು ಬಿಡುತ್ತಿತ್ತು. ಅದೇ ಬೇಸರದಲ್ಲಿದ್ದವರು ಪೈಪಿನ ಬಗ್ಗೆ ವಿಚಾರಿಸಿದರು. ನನಗೂ ಅಷ್ಟೇ ಸಾಕಿತ್ತು, ಮಣ್ಣಿನ ಪುರಾಣವನ್ನೆಲ್ಲ ಬಿಚ್ಚಿದೆ.

"ಮರಳಿಲ್ವಾ ಇದರಲ್ಲಿ?"

"ಇಲ್ಲ ಅತ್ತೆ, ಬೆಣ್ಣೆ ಇದ್ದ ಹಾಗಿದೆ."

"ಯಾರೂ ಮುಟ್ಟಿಲ್ವಾ?"

"ಮನುಷ್ಯರ ಕೈಯೇ ಸೋಕಿಲ್ಲ. ಸಾವಿರಾರು ವರ್ಷದಿಂದ ತಣ್ಣೀರಲ್ಲೇ ಕೂತಿದೆ."

ಅತ್ತೆಯವರ ಮುಖದಲ್ಲಿ ಭಕ್ತಿ ಮೂಡಿತು. ಅದು ವಿಜ್ಞಾನದ ಮೇಲಿನ ಭಕ್ತಿ ಎಂದುಕೊಂಡೆ.

ಮರುದಿನ ಬೆಳಗ್ಗೆ ನನ್ನನ್ನು ಕೃಷ್ಣರಾಜ ಮಾರುಕಟ್ಟೆಗೆ ಅಟ್ಟಿದರು. ಬಾಳೆಕಂದು ಹೊತ್ತು ವಾಪಸು ಬಂದರೆ, ಮಣೆಯ ಮೇಲೆ ಬೂದುಬಣ್ಣದ ಗಣಪ ಗುಲಗಂಜಿಯ ಕಣ್ಣುಬಿಟ್ಟು ಕೂತಿದ್ದ. ಪಕ್ಕದಲ್ಲಿ ಖಾಲಿ ಪೈಪು. ಪೊರಕೆಯ ಹಿಡಿಯಿಂದ ಒತ್ತಿದರೆ ಮಣ್ಣು ಚಕ್ಕುಲಿ ಹಿಟ್ಟಿನಂತೆ ಸಲೀಸಾಗಿ ಬಂತಂತೆ.

"ಇಷ್ಟು ಮಡಿಯಾದ ಮಣ್ಣು ಇನ್ನೆಲ್ಲಿ ಸಿಗುತ್ತೆ, ಅಳಿಯಂದಿರೇ? ಅದೂ ಅವರಪ್ಪನ ಮನೆ ಹತ್ತಿರದ್ದು" ಎಂದರು ಅತ್ತೆ, ಕೈ ತೊಳೆಯುತ್ತ.

ನನಗೆ ಅಳು ಬಂತು. ಹೆಂಡತಿ ಸುಧಾ ಅಡುಗೆಮನೆಗೆ ಕರೆದು, "ರೀ, ಇನ್ನೂ ಪೂಜೆ ಆಗಿಲ್ಲ. ಬೇಕಾದ್ರೆ ಮುರಿದು ಪೈಪಿಗೆ ತುಂಬಿಬಿಡಿ, ಅಮ್ಮನಿಗೆ ನಾನು ಹೇಳ್ಕೋತೀನಿ" ಎಂದು ಪಿಸುಗುಟ್ಟಿದಳು. ತುಂಬಿ ಏನು ಮಾಡಲಿ? ಎಲ್ಲ ವರ್ಷಗಳೂ ಕಡುಬಿನ ಹೂರಣದಂತೆ ಕಲಸಿಹೋಗಿದ್ದವು. ಮಾರನೆಯ ದಿನ ಪೂಜೆಗೆ ಕೂತರೆ, ವಿಘ್ನ ನಿವಾರಿಸಪ್ಪಾ ಎಂದು ಯಾರನ್ನು ಬೇಡಬೇಕಿತ್ತೋ ಅವನೇ ವಿಘ್ನವಾಗಿ ಎದುರಿಗೆ ಕೂತಿದ್ದ. ಆದರೂ ಬೇಡಿಕೊಂಡೆ, ಬೇರೆ ದಾರಿಯಿರಲಿಲ್ಲ.

ಸಂಜೆ ನಮ್ಮ ಸಂಸ್ಥೆಯ ನಿರ್ದೇಶಕರೇ ಗಣಪನ ದರ್ಶನಕ್ಕೆಂದು ಮನೆಗೆ ಬಂದುಬಿಟ್ಟರು. "ಎಷ್ಟು ಲಕ್ಷಣವಾಗಿದ್ದಾನೆ. ಎಲ್ಲಿ ತಂದ್ರಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು, "ಅಂಗಡಿದಲ್ಲ, ನಾನೇ ಮಾಡಿದ್ದು. ಇವರು ಹಿಮಾಲಯದಿಂದ ಪೈಪಿನಲ್ಲಿ ತಂದ ಮಣ್ಣು" ಎಂದು ಕಡುಬಿನ ತಟ್ಟೆ ಮುಂದಿಟ್ಟರು. ನಿರ್ದೇಶಕರು ಮುಗಿದ ಕೈ ಇಳಿಸದೆ ಗಣಪನನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದು ನಮಸ್ಕಾರ ಹಾಕಿ, ನಿಮಗೆ ಬೇಕಾಗುತ್ತೆ" ಎಂದರು. ಕಡುಬನ್ನು ಮಾತ್ರ ಬಿಡಲಿಲ್ಲ.

ನೌಕರಿ ಖಾಯಂ ಆಗುವುದು ಮುಂದಿನ ವರ್ಷಕ್ಕೆ ಹೋಯಿತು. ಮತ್ತೆ ಅದೇ ಕೆರೆಯ ಮಣ್ಣು ತರಬೇಕೆಂದು ಅಪ್ಪಣೆಯಾಯಿತು. ನಾನು ಹೊರಡುವ ದಿನ ಅತ್ತೆಯವರು ಬಂದು, "ಈ ಸಲ ಗೌರಿಗೂ ಆಗೋಷ್ಟು ತನ್ನಿ" ಎಂದರು. ನಾನೊಬ್ಬ ವಿಜ್ಞಾನಿ, ಇಂಥದ್ದಕ್ಕೆಲ್ಲ ಒಪ್ಪುವವನಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದೆ. ಆಮೇಲೆ ಯಾರಿಗೂ ಕಾಣದಂತೆ ಇನ್ನೊಂದು ಪೈಪನ್ನು ಸಾಮಾನಿಗೆ ಸೇರಿಸಿಕೊಂಡೆ. ಕೆಲಸ ಖಾಯಂ ಆಗಬೇಕಲ್ಲ.