ನಮ್ಮ ಹಳೇ ದೋಣಿ ಮಾರಾಟಕ್ಕಿಲ್ಲ

ಅರವತ್ತು ದಾಟಿದ ಹೆಂಗಸು ದೇವಸ್ಥಾನಕ್ಕೆ ಹೋಗಿ ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ಅದೇ ಹೆಂಗಸು ಮಿನಿವ್ಯಾನಿನ ಹಿಂದೆ ದೋಣಿ ಕಟ್ಟಿಕೊಂಡು ಕೆರೆಗೆ ಹೊರಟಳೋ, ವಾರಕ್ಕೊಂದು ಪ್ರಸಂಗ ಗ್ಯಾರಂಟಿ. ನಾನು ಮೈಸೂರಿನಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದವಳು. ರಿಟೈರ್ ಆಗುವ ತನಕ ಅಮೆರಿಕದ ನ್ಯೂಜೆರ್ಸಿಯಲ್ಲಿ, ಬ್ರಿಡ್ಜ್‌ವಾಟರ್ ಕಡೆಯ ಔಷಧಿ ಕಂಪನಿಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದವಳು. ಬರೆದಿಡದೇ ಇದ್ದದ್ದು ನಡೆದೇ ಇಲ್ಲ ಅನ್ನುವುದು ಅಲ್ಲಿಯ ನಿಯಮ. ಹಾಗಾಗಿ ನಾನು ಹಿಡಿದ ಒಂದೊಂದು ಬ್ಯಾಸ್ ಮೀನಿನ ಉದ್ದ, ಆವತ್ತಿನ ನೀರಿನ ಬಿಸಿ, ಗಾಳಿಯ ದಿಕ್ಕು ಎಲ್ಲವನ್ನೂ ಬರೆದಿಟ್ಟಿದ್ದೇನೆ. ಜನ ಆಡಿದ ಮಾತುಗಳನ್ನೂ ಬಿಟ್ಟಿಲ್ಲ. ಲೆಕ್ಕ ಹಾಕಿದರೆ ಮೀನಿಗಿಂತ ಮಾತೇ ಜಾಸ್ತಿ ಸಿಕ್ಕಿದೆ.

ದೋಣಿ ನೋಡುವ ಶಾಸ್ತ್ರ

ಗಾಳ ಹಿಡಿಯುವುದನ್ನು ಕಲಿಸಿದವಳು ನನ್ನ ಲ್ಯಾಬಿನ ಗೆಳತಿ. ದಡದಲ್ಲಿ ನಿಂತು ಹಿಡಿದಷ್ಟು ದಿನ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ದೊಡ್ಡ ಮೀನುಗಳೆಲ್ಲ ಆಚೆ ದಡದ ಬಿದ್ದ ಮರಗಳ ಕೆಳಗೇ ಇರುತ್ತವೆ ಎಂದು ಗೊತ್ತಾದ ಮೇಲೆ ನನಗೊಂದು ದೋಣಿ ಬೇಕಾಯಿತು. ಹೊಸದು ಬೇಡ, ಒಬ್ಬರು ಬಳಸಿದ್ದೇ ಸಾಕು ಅಂದೆ. ಒಬ್ಬ ಅಜ್ಜ ಜಾಹೀರಾತು ಕೊಟ್ಟಿದ್ದ. ನಾನೂ ನಮ್ಮ ಯಜಮಾನರೂ ನೋಡಲು ಹೋದೆವು.

ಅಲ್ಯೂಮಿನಿಯಂ ದೋಣಿ, ಹಿತ್ತಲಲ್ಲಿ ಟ್ರೈಲರ್ ಮೇಲೆ ಕೂತಿತ್ತು. ನಾನು ಹೆಣ್ಣು ನೋಡಲು ಹೋದ ಹುಡುಗನ ಅಮ್ಮನ ಹಾಗೆ ಒಂದೊಂದೇ ಪ್ರಶ್ನೆ ತೆಗೆದೆ. ಎಲ್ಲಾದರೂ ಬಿದ್ದು ಪೆಟ್ಟಾಗಿದೆಯಾ? ಮೊದಲು ಯಾರ ಮನೆಯಲ್ಲಿತ್ತು? ಚಳಿಗಾಲದಲ್ಲಿ ಎಲ್ಲಿ ಮಲಗಿಸುತ್ತಿದ್ದಿರಿ? ಅಜ್ಜ ಬೆವರುತ್ತಾ ಉತ್ತರ ಕೊಟ್ಟ. ಕೊನೆಗೆ ಮುಖ್ಯವಾದದ್ದು ಕೇಳಿದೆ: "ಇಷ್ಟು ಒಳ್ಳೆಯ ದೋಣಿಯನ್ನು ಯಾಕೆ ಮಾರುತ್ತಿದ್ದೀರಿ?"

ಅಜ್ಜ ಬಾಯಿ ತೆರೆಯುವ ಮೊದಲೇ ಅಡುಗೆಮನೆ ಕಿಟಕಿಯಿಂದ ಅವನ ಹೆಂಡತಿ ಕೂಗಿದಳು: "ಒಂದೋ ದೋಣಿ ಇರಬೇಕು, ಒಂದೋ ನಾನಿರಬೇಕು ಅಂದೆ. ಅದಕ್ಕೇ!"

ಸರಿ, ದೋಣಿಯಲ್ಲಿ ದೋಷ ಇಲ್ಲ ಅಂತಾಯಿತು. ಅಲ್ಲೇ ಒಪ್ಪಿಕೊಂಡೆ. ಕಾರಿನಲ್ಲಿ ನಮ್ಮವರು ಮೆಲ್ಲಗೆ, "ಆಕೆ ಹೇಳಿದ್ದು ಕೇಳಿಸ್ತೇನೇ?" ಅಂದರು.

"ಚೆನ್ನಾಗಿ ಕೇಳಿಸ್ತು. ನೀವು ಆ ಮಾತು ಆಡೋಕೆ ಮುಂಚೆ ನಾಲ್ಕು ಸಲ ಯೋಚನೆ ಮಾಡಿ."

ಬರ್ಲಿ, ಬರ್ಲಿ

ದೋಣಿಯನ್ನು ನೀರಿಗಿಳಿಸಬೇಕಾದರೆ ಟ್ರೈಲರನ್ನು ಇಳಿಜಾರಿನಲ್ಲಿ ರಿವರ್ಸ್ ಮಾಡಬೇಕು. ಸ್ಟೀರಿಂಗ್ ಒಂದು ಕಡೆ ತಿರುಗಿಸಿದರೆ ಟ್ರೈಲರ್ ಇನ್ನೊಂದು ಕಡೆ ಹೋಗುತ್ತದೆ. ಬೆಳೆದ ಮಕ್ಕಳ ಹಾಗೆ. ಮೊದಲ ದಿನ ಅಲ್ಲಿ ಪಿಕಪ್ ಟ್ರಕ್ಕಿನವರ ಸಾಲೇ ನಿಂತಿತ್ತು. ಚೂಡಿದಾರ್ ಹಾಕಿಕೊಂಡು ಮಿನಿವ್ಯಾನ್ ತಂದ ನನ್ನನ್ನು ನೋಡಿ ಒಬ್ಬ, "ಮೇಡಂ, ನಾನು ಮಾಡಿಕೊಡಲಾ?" ಅಂದ. "ನಿಮ್ಮ ಸರದಿ ಬಂದಾಗ ನಿಮ್ಮದನ್ನು ಮಾಡಿಕೊಳ್ಳಿ," ಅಂದೆ.

ನಮ್ಮವರು ಹಿಂದೆ ನಿಂತು ಬೆಂಗಳೂರಿನ ಪಾರ್ಕಿಂಗ್‌ನವರ ಥರ ಟ್ರೈಲರಿನ ಮೇಲೆ ತಟ್ಟುತ್ತಾ, "ಬರ್ಲಿ, ಬರ್ಲಿ, ಬರ್ಲಿ," ಅನ್ನುತ್ತಿದ್ದರು. ನಾನು ಅವರ ದನಿ ನಂಬಿ ಬಂದೆ. ಅವರು ನನ್ನನ್ನು ನಂಬಿ ಹಿಂದೆ ಹಿಂದೆ ಹೋದರು. ನೇರವಾಗಿ, ಒಂದಿಷ್ಟೂ ಸೊಟ್ಟಗಾಗದೆ ದೋಣಿ ನೀರಿಗಿಳಿಯಿತು. ಸಾಲಿನವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಹೆಮ್ಮೆಯಿಂದ ಇಳಿದು ನೋಡಿದರೆ ನಮ್ಮವರು ಸೊಂಟದ ತನಕ ನೀರಿನಲ್ಲಿ ನಿಂತು ಇನ್ನೂ "ಬರ್ಲಿ" ಅನ್ನುತ್ತಿದ್ದಾರೆ.

ತಿನ್ನದವರಿಗೆ ಮೀನ್ಯಾಕೆ

ನಾವು ಸಸ್ಯಾಹಾರಿಗಳು. ಹಿಡಿದ ಮೀನನ್ನು ಅಳೆದು, ಬರೆದುಕೊಂಡು, ಮತ್ತೆ ನೀರಿಗೇ ಬಿಟ್ಟುಬಿಡುತ್ತೇನೆ. ಇದು ಮಾನ್ಮತ್ ಜಂಕ್ಷನ್‌ನ ನಮ್ಮ ಕನ್ನಡದ ಬಳಗಕ್ಕೆ ಇವತ್ತಿನವರೆಗೂ ಜೀರ್ಣವಾಗಿಲ್ಲ. ಒಂದು ಸತ್ಯನಾರಾಯಣ ಪೂಜೆಯಲ್ಲಿ, ಎಲ್ಲರೂ ಊಟಕ್ಕೆ ಕೂತಾಗ, ಆ ಮನೆಯಾಕೆ ಸಾರು ಬಡಿಸುತ್ತಾ ಇಡೀ ಪಂಕ್ತಿಗೆ ಕೇಳುವ ಹಾಗೆ ಅಂದರು: "ಅಲ್ಲಾ ರೀ, ತಿನ್ನೋದಿಲ್ಲ ಅಂತೀರಿ. ಮತ್ತೆ ಬೆಳಗಿನಿಂದ ಸಂಜೆ ತನಕ ಕೂತು ಹಿಡಿಯೋದು ಯಾತಕ್ಕೆ?"

ಎಲ್ಲರ ಕೈ ಎಲೆಯ ಮೇಲೇ ನಿಂತಿತು.

"ನಿಮ್ಮ ಯಜಮಾನರು ಪ್ರತಿ ಭಾನುವಾರ ಗಾಲ್ಫ್ ಆಡ್ತಾರಲ್ಲ," ಅಂದೆ. "ಚೆಂಡು ತಿಂತಾರಾ?"

ಆಕೆ ನನ್ನ ಎಲೆಗೆ ಆಮೇಲೆ ಪಾಯಸ ಬಡಿಸಲಿಲ್ಲ. ಅವರ ಯಜಮಾನರೇ ಬಂದು ಎರಡು ಸಲ ಬಡಿಸಿದರು.

ಸತ್ಯವಾದ ಜಾಹೀರಾತು

ಕಳೆದ ಬೇಸಿಗೆಯ ಕೊನೆಗೆ ನಮ್ಮವರೂ ಮಗನೂ ಒಂದಾದರು. ಡ್ರೈವ್‌ವೇ ತುಂಬ ದೋಣಿಯೇ ಇದೆ, ಸ್ನೋ ತೆಗೆಯೋಕೆ ಆಗಲ್ಲ, ಅಮ್ಮನಿಗೆ ವಯಸ್ಸಾಯಿತು, ಚಳಿಗಾಲದೊಳಗೆ ದೋಣಿ ಮಾರಬೇಕು. ಇದು ಅವರ ತೀರ್ಮಾನ. "ನಾನು ಬದುಕಿರೋ ತನಕ ಆಗಲ್ಲ," ಅಂದೆ. "ಅಮ್ಮ, ಬಿ ರೀಸನಬಲ್. ಸುಮ್ಮನೆ ಜಾಹೀರಾತು ಹಾಕಿ ನೋಡೋಣ, ಯಾರೂ ಕೇಳದೇ ಇದ್ದರೆ ಬಿಡೋಣ," ಅಂದ ಮಗ. "ಸರಿ. ಆದರೆ ಹಾಕೋಕೆ ಮುಂಚೆ ನಾನು ಓದಬೇಕು," ಅಂದೆ.

ಅವನು "ಎಕ್ಸಲೆಂಟ್ ಕಂಡಿಷನ್" ಅಂತ ಒಂದೇ ಸಾಲು ಬರೆದಿದ್ದ. ಮೂವತ್ತು ವರ್ಷ ಕ್ವಾಲಿಟಿಯಲ್ಲಿದ್ದವಳು ಅಂಥ ಮಾತಿಗೆ ಸಹಿ ಹಾಕುತ್ತಾಳೆಯೇ? ತಿದ್ದಿದೆ. ಬಲಗಡೆ ಸೀಟು ಹರಿದಿದೆ. ಟ್ರೈಲರಿನ ಎಡ ದೀಪ ಮಳೆ ಬಂದರೆ ಆರಿಹೋಗುತ್ತದೆ. ಎಲೆಕ್ಟ್ರಿಕ್ ಮೋಟರ್ ತನಗೆ ಮನಸ್ಸಾದಾಗ ಮಾತ್ರ ತಿರುಗುತ್ತದೆ. ನೇರ ಹೋಗು ಅಂದರೆ ದೋಣಿ ಸ್ವಲ್ಪ ಎಡಕ್ಕೆ ಎಳೆಯುತ್ತದೆ. ಒಳಗೆ ಹೋದ ವರ್ಷದ ಪುಳಿಯೋಗರೆಯ ವಾಸನೆ ಇದೆ. ಎಲ್ಲವೂ ನಿಜ, ಎಲ್ಲಕ್ಕೂ ನನ್ನ ಹತ್ತಿರ ದಾಖಲೆ ಇದೆ.

ಒಂದೇ ಒಂದು ಫೋನ್ ಬರಲಿಲ್ಲ. "ಅಮ್ಮ, ದಿಸ್ ಈಸ್ ಸ್ಯಾಬಟಾಜ್!" ಅಂತ ಮಗ ಕೂಗಾಡಿದ.

"ಅಲ್ಲಪ್ಪ," ಅಂದೆ, "ಇದು ಎಂ.ಎಸ್ಸಿ."

ಬಿರಡೆ

ನಮ್ಮವರು ಸೋಲಲಿಲ್ಲ. ಒಂದು ದಪ್ಪ ರಟ್ಟಿನ ಮೇಲೆ "ಫಾರ್ ಸೇಲ್" ಅಂತ ಬರೆದು ದೋಣಿಗೇ ಕಟ್ಟಿದರು. ಅಷ್ಟರಲ್ಲಿ ಆಯುಧಪೂಜೆ ಬಂತು. "ಮನೆ ಬಿಟ್ಟು ಹೋಗೋ ದೋಣಿ, ಪೂಜೆ ಮಾಡಿ ಕಳಿಸೋಣ," ಅಂತ ತಾವೇ ಮುಂದೆ ನಿಂತರು. ಕಾರುಗಳಿಗೆ ಹೂವು, ಟ್ರೈಲರಿನ ಗಾಲಿಗೆ ನಿಂಬೆಹಣ್ಣು, ಸ್ಪ್ಯಾನರ್, ಸ್ಕ್ರೂಡ್ರೈವರ್, ಲ್ಯಾಪ್‌ಟಾಪ್‌ಗಳಿಗೆ ಕುಂಕುಮ, ಎಲ್ಲ ಆಯಿತು.

ಮಾರನೆಯ ದಿನ ವಿಜಯದಶಮಿ. "ಮಾರೋಕೆ ಮುಂಚೆ ಒಂದು ಸಲ ನನ್ನ ಜೊತೆ ಬನ್ನಿ. ಇಷ್ಟು ದಿನ ದಡದಲ್ಲೇ ಪೇಪರ್ ಓದಿದಿರಿ," ಅಂತ ಅವರನ್ನು ಹೊರಡಿಸಿದೆ. ದೋಣಿ ಇಳಿಸುವ ಮುಂಚೆ ನನ್ನದೊಂದು ಪಟ್ಟಿ ಇದೆ, ಒಂದೊಂದೇ ಕೂಗಿ ಟಿಕ್ ಹಾಕುತ್ತೇನೆ. ದೋಣಿಯ ಹಿಂಭಾಗದ ತಳದಲ್ಲಿ ಒಂದು ತೂತು ಇರುತ್ತದೆ, ನೆಲದ ಮೇಲಿದ್ದಾಗ ಮಳೆನೀರು ಹರಿದುಹೋಗಲಿ ಎಂದು. ನೀರಿಗಿಳಿಸುವ ಮುಂಚೆ ಅದಕ್ಕೆ ಹಿತ್ತಾಳೆಯ ಬಿರಡೆ ತಿರುಗಿಸಬೇಕು.

"ಲೈಫ್ ಜಾಕೆಟ್?"

"ಹಾಕಿದೀನಿ."

"ಬ್ಯಾಟರಿ?"

"ಫುಲ್."

"ಬಿರಡೆ?"

"ಭದ್ರವಾಗಿದೆ."

ಟಿಕ್ ಹಾಕಿದೆ. ಹೊರಟೆವು. ಕೆರೆಯ ನಡುವೆ ಬಂದು ನಾನು ಗಾಳ ಬಿಟ್ಟಿದ್ದೆನಷ್ಟೆ, ನಮ್ಮವರು, "ಕಾಲು ತಣ್ಣಗಾಗ್ತಿದೆ ಕಣೇ," ಅಂದರು. ನೋಡಿದರೆ ಹಿಂದುಗಡೆ ನೀರು ಬುಗುಬುಗು ಅಂತ ಏಳುತ್ತಿದೆ.

"ರೀ! ಬಿರಡೆ ಎಲ್ಲಿ?"

"ದೇವರ ಮನೆಯಲ್ಲಿ."

"ಏನು?"

"ಇಡೀ ದೋಣಿನ ದೇವರ ಮುಂದೆ ಇಡೋಕಾಗತ್ತಾ? ಬಿರಡೆ ಬಿಚ್ಚಿ, ಹುಣಸೆಹಣ್ಣು ಹಾಕಿ ತಿಕ್ಕಿ, ಕುಂಕುಮ ಇಟ್ಟಿದೀನಿ. ಪೂಜೆಗಿಟ್ಟ ಆಯುಧ ಇವತ್ತು ಮರುಪೂಜೆ ಆಗೋ ತನಕ ತೆಗೀಬಾರದು. ಭದ್ರವಾಗಿದೆ ಅಂದೆನಲ್ಲ!"

ಬೈಯಲು ಸಮಯವಿರಲಿಲ್ಲ. ನನ್ನ ಕೈಚೀಲದಲ್ಲಿ ಹಿಂದಿನ ಸಂಜೆ ಬೊಂಬೆ ನೋಡಲು ಹೋದ ಮನೆಯ ತಾಂಬೂಲ ಇತ್ತು. ಒಂದು ಇಡೀ ಗೋಟಡಿಕೆ, ಒಂದು ರವಿಕೆ ಕಣ. ಆ ಕಣವನ್ನು ಅದರ ಹಿಂದಿನ ವರ್ಷ ನಾನೇ ಮೆಟುಚೆನ್‌ನಲ್ಲಿ ಒಬ್ಬರಿಗೆ ಕೊಟ್ಟಿದ್ದೆ. ನ್ಯೂಜೆರ್ಸಿಯ ಎಲ್ಲ ಮನೆಗಳನ್ನೂ ಸುತ್ತಿ ನನಗೇ ವಾಪಸ್ ಬಂದಿತ್ತು, ಯಾರೂ ಹೊಲಿಸಿರಲಿಲ್ಲ. ಅಡಿಕೆಗೆ ಅದನ್ನು ಸುತ್ತಿ ತೂತಿಗೆ ಒತ್ತಿದೆ. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಆದರೆ ನೀರು ಹೊರಗಿನಿಂದ ತಳ್ಳುತ್ತದಲ್ಲ, ಯಾರಾದರೂ ಒತ್ತಿ ಹಿಡಿಯಲೇಬೇಕು.

"ಹಿಮ್ಮಡಿ ಇಡಿ ಇದರ ಮೇಲೆ. ದಡ ಸೇರೋ ತನಕ ಎತ್ತಬೇಡಿ," ಅಂತ ಹೇಳಿ ಅವರನ್ನು ಅಲ್ಲಿ ಕೂರಿಸಿದೆ. ನಾನು ಮುಂದೆ ಕೂತು ಮೋಟರ್ ನಡೆಸಬೇಕಿತ್ತು. ನನ್ನ ಗಾಳದ ದಾರ ಇನ್ನೂ ನೀರಿನಲ್ಲೇ ಇತ್ತು. "ಇದನ್ನೂ ಹಿಡ್ಕೊಳ್ಳಿ," ಅಂತ ಕೋಲನ್ನು ಅವರ ಕೈಗೆ ಕೊಟ್ಟೆ.

ಅರ್ಧ ದಾರಿ ಬಂದಿರಬೇಕು. ಕೋಲು ಬಿಲ್ಲಿನ ಹಾಗೆ ಬಾಗಿತು. ರೀಲ್ ಕಿರ್ರೆಂದಿತು. ಮರುಕ್ಷಣ ನಮ್ಮವರು ಎದ್ದು ನಿಂತಿದ್ದರು, ಅಡಿಕೆ ಹಾರಿ ನನ್ನ ಮಡಿಲಿಗೆ ಬಂದಿತ್ತು.

"ರೀ, ಕಾಲು! ಕಾಲು!"

"ಕಾಲು ಹಾಳಾಗಲಿ! ಇವನು ಹೋಗ್ತಾನೆ ಕಣೇ!"

"ದೋಣಿ ಮುಳುಗತ್ತೆ!"

"ಹೇಗೂ ಮಾರೋದಲ್ವಾ, ಮುಳುಗಲಿ ಬಿಡು!"

ಮುಳುಗುವುದಕ್ಕೆ ನಾನು ಬಿಡುವವಳೇ? ಪುಳಿಯೋಗರೆ ಡಬ್ಬಿ ಖಾಲಿ ಮಾಡಿ ಒಂದು ಕೈಯಲ್ಲಿ ನೀರು ಮೊಗೆದೆ, ಇನ್ನೊಂದು ಕೈಯಲ್ಲಿ ಮೋಟರ್ ಹಿಡಿದೆ. ಅವರು ಎಳೆದರು, ಬಿಟ್ಟರು, ಎಳೆದರು, ಕೊನೆಗೆ ಮೀನನ್ನು ಎತ್ತಿ ದೋಣಿಯೊಳಗೆ ಹಾಕಿದರು. ಒಳಗೆ ಅಷ್ಟು ಹೊತ್ತಿಗೆ ಎಷ್ಟು ನೀರು ತುಂಬಿತ್ತೆಂದರೆ ಆ ಮೀನಿಗೆ ತಾನು ಸಿಕ್ಕಿಬಿದ್ದದ್ದೇ ಗೊತ್ತಾಗಲಿಲ್ಲ. ಸೀಟಿನ ಕೆಳಗೆ ಹಾಯಾಗಿ ಈಜುತ್ತಾ ಪುಳಿಯೋಗರೆ ಮೂಸಿ ನೋಡುತ್ತಿತ್ತು. ನಾವಿಬ್ಬರೂ ಮೊಣಕಾಲೂರಿ ನಮ್ಮ ದೋಣಿಯಲ್ಲೇ ಅದನ್ನು ಇನ್ನೊಂದು ಸಲ ಹಿಡಿದೆವು.

ಅಳೆದೆ. ಹದಿನೇಳೂ ಮುಕ್ಕಾಲು ಇಂಚು. "ಹದಿನೆಂಟು ಅಂತ ಬರಿಯೇ," ಅಂದರು. "ಹದಿನೇಳೂ ಮುಕ್ಕಾಲು," ಅಂದೆ. ಮೀನನ್ನು ಬಿಟ್ಟು, ಅಡಿಕೆಯನ್ನು ಮತ್ತೆ ಒತ್ತಿ, ಹೇಗೋ ದಡ ಸೇರಿದೆವು. ಮನೆಗೆ ಬಂದವರೇ ನಮ್ಮವರು ಆ "ಫಾರ್ ಸೇಲ್" ರಟ್ಟು ಕಿತ್ತು ರೀಸೈಕಲ್ ಡಬ್ಬಕ್ಕೆ ಹಾಕಿದರು. ಸಂಜೆ ಮಗ ಫೋನ್ ಮಾಡಿ, "ಅಪ್ಪ, ಬೋಟ್ ಬಗ್ಗೆ ಯಾರಾದರೂ ಕೇಳಿದರಾ?" ಅಂದ. "ಯಾವ ಬೋಟ್? ನಮ್ಮ ಬೋಟ್ ಮಾರೋದಕ್ಕೆ ನೀನ್ಯಾರೋ?" ಅಂದರು. ಆಮೇಲೆ ಅವನಿಗೆ ಹದಿನೆಂಟು ಇಂಚಿನ ಮೀನಿನ ಕಥೆ ಹೇಳಿದರು. ನಾನು ಅಡುಗೆಮನೆಯಿಂದ ಕೂಗಿ ತಿದ್ದಿದೆ.

ಈ ವರ್ಷದ ಸೀಸನ್ನಿನ ಮೊದಲ ದಿನ ಅದೇ ಇಳಿಜಾರಿನಲ್ಲಿ ಪಟ್ಟಿ ಹಿಡಿದು ನಿಂತೆ. ಹಿಂದೆ ಅದೇ ಪಿಕಪ್ ಟ್ರಕ್ಕಿನವರು.

"ಬಿರಡೆ?"

"ಭದ್ರವಾಗಿದೆ."

"ಮಾತು ಬೇಡ. ಕಣ್ಣಿಗೆ ತೋರಿಸಿ."

ನಮ್ಮವರು ಎಲ್ಲರೆದುರು ಅಂಗಿಯ ಗುಂಡಿ ಬಿಚ್ಚಿದರು. ಜನಿವಾರ ಹೊರಗೆಳೆದರು. ಅದರ ತುದಿಯಲ್ಲಿ, ಊರಲ್ಲಿ ಅವರಪ್ಪ ಬೀರುವಿನ ಕೀಲಿ ಕಟ್ಟಿಕೊಳ್ಳುತ್ತಿದ್ದ ಹಾಗೆಯೇ, ಹಿತ್ತಾಳೆಯ ಬಿರಡೆ ಫಳಫಳ ಹೊಳೆಯುತ್ತಾ ನೇತಾಡುತ್ತಿತ್ತು.

ಪಿಕಪ್‌ನವನೊಬ್ಬ ಹತ್ತಿರ ಬಂದು ಬಗ್ಗಿ ನೋಡಿದ. "ಒಳ್ಳೇ ಐಡಿಯಾ. ಇದೇನು, ದೋಣಿಯವರಿಗೆ ಅಂತಲೇ ಬರೋ ಸೇಫ್ಟಿ ಹಗ್ಗವಾ?"

"ಹೌದು," ಅಂದರು ನಮ್ಮವರು ಎದೆಯುಬ್ಬಿಸಿ. "ಎಂಟನೇ ವಯಸ್ಸಿನಿಂದ ಹಾಕಿಕೊಂಡಿದೀನಿ. ಒಂದು ಸಲವೂ ಮುಳುಗಿಲ್ಲ."